ಹೊರಟ ಶಿಕ್ಷಕರು, ಹೊರಡಿಸಿದ ನಾವು

ನಮ್ಮ ಸಮಾಜದ ವಿದ್ಯಾಸಂಸ್ಥೆಯೊಂದರಲ್ಲಿ ಹನ್ನೆರಡು ವರ್ಷ ಪಾಠ ಹೇಳಿದ ದಂಪತಿಗಳು ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ ಕೆಲಸ ದೊರೆತು ಹೊರಡುವ ಸಿದ್ಧತೆಯಲ್ಲಿದ್ದಾರೆ. ಪತಿ ಗಣಿತದ ಅಧ್ಯಾಪಕರು, ಪತ್ನಿ ವಿಜ್ಞಾನದ ಅಧ್ಯಾಪಕಿ. ಸುದ್ದಿ ಹರಡಿದೊಡನೆ ಬಸದಿಯ ಜಗಲಿಯಿಂದ ಆಡಳಿತ ಮಂಡಳಿಯ ಸಭೆಯವರೆಗೆ ಮೂರು ಆರೋಪಗಳು ಕೇಳಿಬಂದಿವೆ. ಸಮುದ್ರ ದಾಟುವುದು ದಿಗ್ವ್ರತಕ್ಕೆ ವಿರುದ್ಧ. ಇದು ಕೇವಲ ಧನಲೋಭ. ಇವರು ಸಮಾಜದ ಋಣ ಮರೆತವರು. ಹೀಗೆ ಹೇಳುವವರಲ್ಲಿ ಹಿರಿಯರಿದ್ದಾರೆ, ಗೌರವಾರ್ಹರಿದ್ದಾರೆ. ಆದರೂ ಈ ಆರೋಪಗಳು ಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ಶಾಸ್ತ್ರದ ಮುಂದೆ ನಿಲ್ಲುವ ಆರೋಪಗಳು ಬೇರೆಯವರ ಮೇಲಿವೆ.

ಮೊದಲು ದಿಗ್ವ್ರತದ ಮಾತು. ಶ್ರಾವಕನು ಹತ್ತು ದಿಕ್ಕುಗಳಲ್ಲಿ ತನ್ನ ಸಂಚಾರಕ್ಕೆ ಎಲ್ಲೆ ಗೊತ್ತುಮಾಡಿಕೊಂಡು, ಬದುಕಿರುವವರೆಗೂ ಅದನ್ನು ಮೀರೆನೆಂದು ಕೈಗೊಳ್ಳುವ ನಿಯಮವಿದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇದನ್ನು ಗುಣವ್ರತಗಳಲ್ಲಿ ಸೇರಿಸಿ, ಎಲ್ಲೆಯಾಗಬಲ್ಲವುಗಳಲ್ಲಿ ಸಮುದ್ರ, ನದಿ, ಅಡವಿ, ಬೆಟ್ಟ, ದೇಶಗಳನ್ನು ಹೆಸರಿಸುತ್ತದೆ. ಎಲ್ಲೆಯಾಚೆ ತನ್ನಿಂದ ಸೂಕ್ಷ್ಮ ಪಾಪವೂ ಆಗದಿರಲಿ, ಆಸೆಗೆ ಒಂದು ಕಡಿವಾಣವಿರಲಿ ಎಂಬುದೇ ಇದರ ಉದ್ದೇಶ. ಸಮುದ್ರದ ನೀರು ಮೈಲಿಗೆಯೆಂಬ ಭಾವನೆಗೆ ಇಲ್ಲಿ ಎಡೆಯೇ ಇಲ್ಲ. ಸಮುದ್ರಯಾನದಿಂದ ಪತಿತನಾಗುತ್ತಾನೆಂಬ ವಿಧಿ ಬೌಧಾಯನ ಧರ್ಮಸೂತ್ರದಂತಹ ವೈದಿಕ ಗ್ರಂಥಗಳದ್ದು. ನೆರೆಮನೆಯ ಆ ನಿಷೇಧವನ್ನು ತಂದು ನಮ್ಮ ವ್ರತದ ಹೆಸರಿಟ್ಟು ಕರೆಯುವುದು ಯಾವ ನ್ಯಾಯ?

ಎಲ್ಲೆಯನ್ನು ತಾನಾಗಿ ಹಾಕಿಕೊಂಡವನು ಮುಂದೆ ಲಾಭಕ್ಕಾಗಿ ಅದನ್ನು ಹಿಗ್ಗಿಸಿದರೆ ಅದು ‘ಕ್ಷೇತ್ರವೃದ್ಧಿ’ ಎಂಬ ಅತಿಚಾರ. ಹಾಕಿಕೊಳ್ಳದ ಎಲ್ಲೆಯನ್ನು ಮೀರುವುದು ಹೇಗೆ? ಈ ದಂಪತಿಗಳು ಗುರುಗಳ ಮುಂದೆ ದಿಗ್ವ್ರತ ಸ್ವೀಕರಿಸಿದ್ದರೆ ಆ ಗುರುಗಳು ಕೇಳಲಿ. ಸ್ವೀಕರಿಸದವರನ್ನು, ತಾವೂ ಸ್ವೀಕರಿಸದವರು ವ್ರತಭಂಗದ ಅಪರಾಧಿಗಳೆಂದು ದೂರುವುದು ಧರ್ಮಚರ್ಚೆಯಲ್ಲ. 1893ರಲ್ಲಿ ಚಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದಾಗ, ಮುನಿಧರ್ಮದ ಕಾರಣ ಹೋಗಲಾರದ ಆಚಾರ್ಯ ಆತ್ಮಾರಾಮಜಿಯವರು ವೀರಚಂದ ರಾಘವಜಿ ಗಾಂಧಿ ಎಂಬ ಗೃಹಸ್ಥನನ್ನು ಕಳುಹಿಸಿದರು. ಮುನಿಗೆ ಒಂದು ನಿಯಮ, ಗೃಹಸ್ಥನಿಗೆ ಇನ್ನೊಂದು ಎಂಬ ವಿವೇಕ ಅಂದಿನವರಿಗಿತ್ತು. ಅಂದೂ ಸಮುದ್ರಯಾನವನ್ನು ಆಕ್ಷೇಪಿಸಿದವರಿದ್ದರು. ಇಂದು ಅವರ ಹೆಸರು ಯಾರಿಗೂ ನೆನಪಿಲ್ಲ.

ಆಹಾರದ ಚಿಂತೆಯನ್ನೂ ಕೆಲವರು ಮುಂದಿಟ್ಟಿದ್ದಾರೆ. ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಶಾಲೆಯಿಂದ ಮನೆ ಸೇರುವ ಹೊತ್ತಿಗೆ ಅನಸ್ತಮಿತ ಭೋಜನದ ವೇಳೆ ಮುಗಿದಿರುತ್ತದೆ. ಕಷ್ಟವೆಂಬುದು ನಿಜ. ಆದರೆ ಈ ಪ್ರಶ್ನೆ ಕೇಳುವವರ ಮನೆಯ ಮದುವೆಗಳ ಆರತಕ್ಷತೆ ಊಟ ಎಷ್ಟು ಗಂಟೆಗೆ ಆರಂಭವಾಗುತ್ತದೆ? ಕಲ್ಯಾಣ ಮಂಟಪದಲ್ಲಿ ರಾತ್ರಿ ಒಂಬತ್ತಕ್ಕೆ ಪಂಕ್ತಿ ಹಾಕುವವರು ಇಂಗ್ಲೆಂಡಿನ ಸೂರ್ಯಾಸ್ತದ ಲೆಕ್ಕ ಕೇಳುವ ಅಧಿಕಾರವನ್ನು ಕಳೆದುಕೊಂಡಿದ್ದಾರೆ.

ಇನ್ನು ಋಣದ ಮಾತು. ವೃಷಭದೇವನು ಲೋಕಕ್ಕೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ತೋರಿಸಿದನೆಂದು ಜಿನಸೇನರ ಆದಿಪುರಾಣ ಹೇಳುತ್ತದೆ. ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದವನೂ ಅವನೇ. ನಮ್ಮ ಪರಂಪರೆಯಲ್ಲಿ ಅಕ್ಷರ ಮತ್ತು ಅಂಕಗಳ ಮೊದಲ ವಿದ್ಯಾರ್ಥಿಗಳು ಇಬ್ಬರು ಹೆಣ್ಣುಮಕ್ಕಳು. ಆದುದರಿಂದ “ಗಂಡ ಹೋದರೆ ಸಾಲದೆ, ಸೊಸೆಯೂ ದುಡಿಯಲು ಹೋಗಬೇಕೆ?” ಎಂಬ ಮಾತಿಗೆ ಬೇರೆ ಉತ್ತರ ಬೇಕಿಲ್ಲ. ಇಲ್ಲಿ ಮತ್ತೊಂದು ಅಂಶವನ್ನು ಗಮನಿಸಬೇಕು. ಆರರಲ್ಲಿ ವಾಣಿಜ್ಯಕ್ಕಾಗಿ ಕಡಲು ದಾಟಿದವರನ್ನು ನಾವು ಎಂದೂ ದೂರಲಿಲ್ಲ. ಪೂರ್ವ ಆಫ್ರಿಕಾಕ್ಕೆ, ಆಂಟ್ವರ್ಪಿಗೆ, ಜಪಾನಿನ ಕೋಬೆಗೆ ಹೋದ ಜೈನ ವರ್ತಕರು ಅಲ್ಲಲ್ಲಿ ಮಂದಿರ ಕಟ್ಟಿದಾಗ ಹೆಮ್ಮೆಪಟ್ಟೆವು. ಅಮೆರಿಕದಲ್ಲಿರುವ ನಮ್ಮೂರಿನ ಇಂಜಿನಿಯರು ಪಂಚಕಲ್ಯಾಣಕ್ಕೆ ದೇಣಿಗೆ ಕಳುಹಿಸಿದರೆ ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಅದೇ ಕಡಲನ್ನು ಶಿಕ್ಷಕರು ದಾಟಹೊರಟಾಗ ಮಾತ್ರ ನಮಗೆ ದಿಗ್ವ್ರತದ ನೆನಪಾಗುತ್ತದೆ. ಕಾರಣ ಸ್ಪಷ್ಟ. ಇಂಜಿನಿಯರು ಹೋದುದರಿಂದ ನಮಗೆ ಲಾಭವಾಯಿತು; ಶಿಕ್ಷಕರು ಹೋದರೆ ಅಗ್ಗದ ದುಡಿಮೆಯೊಂದು ಕೈತಪ್ಪುತ್ತದೆ.

‘ಅಗ್ಗದ ದುಡಿಮೆ’ ಎಂಬುದು ಕಟುಮಾತೆನಿಸಿದರೆ ನಮ್ಮ ಸಂಸ್ಥೆಗಳ ಕಡತ ತೆರೆದು ನೋಡೋಣ. ಅನುದಾನವಿಲ್ಲದ ಎಷ್ಟೋ ಶಾಲೆಗಳಲ್ಲಿ ಶಿಕ್ಷಕರು ಸಹಿ ಹಾಕುವ ಮೊತ್ತ ಒಂದು, ಕೈಗೆ ಉಳಿಯುವುದು ಇನ್ನೊಂದು. ಬ್ಯಾಂಕಿಗೆ ಬಂದ ವೇತನದ ಒಂದು ಭಾಗವನ್ನು ತೆಗೆದು ಕಚೇರಿಗೆ ಹಿಂದಿರುಗಿಸಬೇಕು. ಈ ದಂಪತಿಗಳೂ ಹನ್ನೆರಡು ವರ್ಷ ಹಾಗೆಯೇ ಹಿಂದಿರುಗಿಸಿದ್ದಾರೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ಯನ್ನು ಎಣಿಸಿದೆ. ಸುಳ್ಳು ಪತ್ರ ಬರೆಯುವುದು, ಬರೆಸುವುದು ಎಂದು ಅದರ ಅರ್ಥ. ಬೇಸಿಗೆಯ ರಜೆಯಲ್ಲಿ ವೇತನವಿಲ್ಲವೆನ್ನುವುದು ಆಶ್ರಿತರ ಅನ್ನಪಾನನಿರೋಧವಲ್ಲದೆ ಮತ್ತೇನು? ಪಾಠದ ಜೊತೆಗೆ ಬಸ್ಸಿನ ಮೇಲ್ವಿಚಾರಣೆ, ಪ್ರವೇಶದ ಪ್ರಚಾರ, ಜಾತ್ರೆಯ ಸ್ವಯಂಸೇವೆಗಳನ್ನು ಹೇರುವುದು ಅತಿಭಾರಾರೋಪಣ. ಇವೆರಡೂ ಅಹಿಂಸಾಣುವ್ರತದ ಅತಿಚಾರಗಳು. ಎತ್ತಿನ ಬೆನ್ನಿಗೆ ಹೆಚ್ಚು ಹೊರೆ ಹಾಕಬಾರದೆಂದು ಬಾಲಬೋಧೆಯಲ್ಲಿ ಕಲಿಸುವ ನಾವು ಆ ಬೋಧೆ ಮಾಡುವವರ ಬೆನ್ನನ್ನು ನೋಡುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾದುದು ಮೂಲ ಅಂಕಪಟ್ಟಿಗಳ ವಿಷಯ. ಕೆಲಸಕ್ಕೆ ಸೇರುವಾಗ ಶಿಕ್ಷಕರಿಂದ ಪದವಿಯ ಮೂಲ ಪ್ರಮಾಣಪತ್ರಗಳನ್ನು ಪಡೆದು, ಬಿಡುವಾಗ ಕೊಡದೆ ಸತಾಯಿಸುವ ಪದ್ಧತಿ ಹಲವು ಸಂಸ್ಥೆಗಳಲ್ಲಿದೆ. ಈ ದಂಪತಿಗಳ ಪತ್ರಗಳೂ ನಾಲ್ಕು ತಿಂಗಳಿಂದ ಕಚೇರಿಯ ಬೀರುವಿನಲ್ಲಿವೆ. ನಂಬಿ ಇಟ್ಟ ವಸ್ತುವನ್ನು ಹಿಂದಿರುಗಿಸದಿರುವುದಕ್ಕೆ ಶಾಸ್ತ್ರದಲ್ಲಿ ‘ನ್ಯಾಸಾಪಹಾರ’ವೆಂದು ಹೆಸರು. ಋಣ ಮರೆತವರು ಯಾರೆಂದು ಓದುಗರೇ ನಿರ್ಣಯಿಸಲಿ.

ಇಷ್ಟು ಹೇಳಿದ ಮಾತ್ರಕ್ಕೆ ಹೊರಟವರದೆಲ್ಲ ಧರ್ಮವೆಂದು ಸಾರುತ್ತಿಲ್ಲ. “ನಾವು ವಿದ್ಯಾದಾನಕ್ಕೆ ಹೋಗುತ್ತಿದ್ದೇವೆ” ಎಂಬ ಸಮರ್ಥನೆಯನ್ನು ಕೆಲವರು ಮಾಡುವುದುಂಟು. ಅದು ಸಲ್ಲದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯದು ದಾನ. ವೇತನ ಪಡೆದು ಕಲಿಸುವುದು ನ್ಯಾಯವಾದ ಆಜೀವಿಕೆ. ಅದನ್ನು ಹಾಗೆಂದೇ ಕರೆಯುವುದರಲ್ಲಿ ಅವಮಾನವಿಲ್ಲ. ಆಜೀವಿಕೆಯೆಂದು ಒಪ್ಪಿದ ಮೇಲೆ ಅದಕ್ಕೆ ಪರಿಗ್ರಹ ಪರಿಮಾಣದ ನಿಯಮವೂ ಅನ್ವಯಿಸುತ್ತದೆ. ಎಷ್ಟು ವರ್ಷ, ಎಷ್ಟು ಹಣ, ಯಾವ ಕೆಲಸಕ್ಕೆ ಎಂಬುದನ್ನು ವಿಮಾನ ಹತ್ತುವ ಮೊದಲೇ ಬರೆದಿಡಬೇಕು. ಅಲ್ಲಿಗೆ ಹೋದ ಮೇಲೆ ಎಲ್ಲೆ ಹಾಕುತ್ತೇನೆನ್ನುವವನು ಎಂದೂ ಹಾಕುವುದಿಲ್ಲ.

ಲೆಕ್ಕವೂ ಖಚಿತವಾಗಿರಬೇಕು. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ಭಾರತವೂ ಸೇರಿದಂತೆ ಇನ್ನಷ್ಟು ದೇಶಗಳ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರು ಅಲ್ಲಿನ ಅರ್ಹತೆಗೆ ಅರ್ಜಿ ಸಲ್ಲಿಸಲು ದಾರಿ ತೆರೆಯಿತು. ಆದರೆ ಅರ್ಹತೆಯೇ ವೀಸಾ ಅಲ್ಲ. 2024ರ ಫೆಬ್ರವರಿಯಲ್ಲಿ ನಿಗದಿಯಾದ ದರದಂತೆ ಆರೋಗ್ಯ ಸೇವೆಯ ಶುಲ್ಕವೇ ಪ್ರತಿ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್. ಇಬ್ಬರಿಗೆ ಮೂರು ವರ್ಷಕ್ಕೆ 6,210 ಪೌಂಡನ್ನು ಮುಂಗಡವಾಗಿ ಕಟ್ಟಬೇಕು. ಸಾಲ ಮಾಡಿ ಹೋದವನು ಸಾಲ ತೀರುವವರೆಗೆ ಸ್ವತಂತ್ರನಲ್ಲ. ಫಿಲಿಪೀನ್ಸಿನಿಂದ ಅಮೆರಿಕದ ಲೂಸಿಯಾನಾಕ್ಕೆ ಹೋದ ಸುಮಾರು 350 ಶಿಕ್ಷಕರು ನೇಮಕಾತಿ ಮಧ್ಯವರ್ತಿಗಳ ಸುಲಿಗೆಗೆ ಸಿಕ್ಕಿ, ನ್ಯಾಯಾಲಯದ ಮೆಟ್ಟಿಲೇರಿ, 2012ರ ಡಿಸೆಂಬರಿನಲ್ಲಿ 45 ಲಕ್ಷ ಡಾಲರ್ ಪರಿಹಾರದ ತೀರ್ಪು ಪಡೆದುದನ್ನು ನೆನಪಿಡಬೇಕು. ಹೆಚ್ಚುವರಿ ಅನುಭವ ಪತ್ರ ಕೊಡಿಸುತ್ತೇನೆನ್ನುವ ಮಧ್ಯವರ್ತಿಯ ಮಾತಿಗೆ ತಲೆದೂಗಿದರೆ ಕೂಟಲೇಖದ ದೋಷ ಈ ಬಾರಿ ಶಿಕ್ಷಕರ ತಲೆಯ ಮೇಲೆಯೇ ಬರುತ್ತದೆ.

ಉಳಿದವು ಎರಡು ಕರ್ತವ್ಯಗಳು. ಮೊದಲನೆಯದು ಮಕ್ಕಳಿಗೆ ಸಂಬಂಧಿಸಿದ್ದು. 2004ರಲ್ಲಿ ಕಾಮನ್‌ವೆಲ್ತ್ ದೇಶಗಳು ಅಂಗೀಕರಿಸಿದ ಶಿಕ್ಷಕ ನೇಮಕಾತಿ ಒಡಂಬಡಿಕೆಯು ಶಿಕ್ಷಕನ ವಲಸೆಯ ಹಕ್ಕನ್ನು ಮಾನ್ಯಮಾಡುತ್ತಲೇ, ಶೈಕ್ಷಣಿಕ ವರ್ಷದ ನಡುವೆ ತರಗತಿ ಬಿಟ್ಟುಹೋಗುವಂತಾಗಬಾರದೆಂದು ಹೇಳಿತು. ಹತ್ತನೆಯ ತರಗತಿಯನ್ನು ಜನವರಿಯಲ್ಲಿ ಬಿಟ್ಟು ಹೋಗುವುದು ಕಾನೂನಿಗೆ ಸರಿಯಾದರೂ ಕರುಣೆಗೆ ಸರಿಯಲ್ಲ. ಎರಡನೆಯದು ವೃದ್ಧ ತಂದೆತಾಯಿಗಳಿಗೆ ಸಂಬಂಧಿಸಿದ್ದು. ತಿಂಗಳಿಗೊಮ್ಮೆ ಹಣ ಕಳುಹಿಸುವುದು ವೈಯಾವೃತ್ತ್ಯವಲ್ಲ. ಜ್ವರ ಬಂದ ರಾತ್ರಿ ನೀರು ಕೊಡುವವರು ಯಾರು, ಕಡೆಗಾಲದಲ್ಲಿ ಪಂಚನಮಸ್ಕಾರ ಹೇಳುವವರು ಯಾರು ಎಂಬುದಕ್ಕೆ ಹೆಸರು ಹಿಡಿದು ಉತ್ತರ ದೊರೆಯದಿದ್ದರೆ ಪ್ರಯಾಣವನ್ನು ಮುಂದೂಡುವುದೇ ಲೇಸು. ಈ ದಂಪತಿಗಳು ಪರೀಕ್ಷೆ ಮುಗಿಯುವವರೆಗೆ ನಿಂತು, ತಾಯಿಯ ಆರೈಕೆಗೆ ತಂಗಿಯ ಮನೆಯಲ್ಲಿ ಏರ್ಪಾಡು ಮಾಡಿದ್ದಾರೆ. ನಿಂದಿಸುವವರು ಇದನ್ನು ಒಮ್ಮೆಯೂ ಹೇಳಲಿಲ್ಲ.

ಆಡಳಿತ ಮಂಡಳಿಗಳು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಇವರ ಬಗ್ಗೆ ಖಂಡನಾ ನಿರ್ಣಯ ಮಾಡುವ ಬದಲು ನಾಲ್ಕು ನಿರ್ಣಯಗಳನ್ನು ಕೈಗೊಳ್ಳಲಿ. ಸಹಿ ಪಡೆದಷ್ಟೇ ವೇತನವನ್ನು ಕೊಡುವುದು. ಬೀರುವಿನಲ್ಲಿರುವ ಮೂಲ ಪತ್ರಗಳನ್ನು ವಾರದೊಳಗೆ ಹಿಂದಿರುಗಿಸುವುದು. ಉತ್ಸವದ ನಿಧಿಗೆ ಬರುವ ದೇಣಿಗೆಯಲ್ಲಿ ಒಂದು ಪಾಲನ್ನು, ದಾನಿಗಳ ಒಪ್ಪಿಗೆ ಪಡೆದು, ಶಿಕ್ಷಕರ ವೇತನನಿಧಿಗೆ ಮೀಸಲಿಡುವುದು. ಹೊರಗೆ ಹೋದ ಶಿಕ್ಷಕರು ಮರಳಿ ಬಂದರೆ ಹಿಂದಿನ ಸೇವಾವಧಿಯನ್ನು ಪರಿಗಣಿಸಿ ಮತ್ತೆ ಸೇರಿಸಿಕೊಳ್ಳುವುದು. ಇವುಗಳಲ್ಲಿ ಎರಡನೆಯದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಬೀರುವಿನ ಬೀಗದ ಕೈ ಇದ್ದರೆ ಸಾಕು. ಅದನ್ನೂ ಮಾಡಲಾರದ ಮಂಡಳಿ ಶಿಕ್ಷಕರಿಗೆ ವ್ರತ ಬೋಧಿಸುವುದನ್ನು ನಿಲ್ಲಿಸಲಿ.