ಬಾಗಿಲು ಕೆಟ್ಟಿತೆಂದು ಒಲೆ ಕೆಡವಬೇಡಿ

ಗಾಡಿಯ ಕಡಾಣಿ ಸವೆದರೆ ಯಾರೂ ಗಾಡಿಯನ್ನು ಸೌದೆಗೆ ಹಾಕುವುದಿಲ್ಲ. ಕುಂಟೆ ಸಡಿಲಾದರೆ ಬೆಣೆ ಹೊಡೆದು ಬಿಗಿ ಮಾಡಿಕೊಂಡು ಹೊಲಕ್ಕೆ ಹೋಗ್ತೀವಿ. ಅಡಿಗೆಮನೆಯ ಹೊಗೆರಹಿತ ಒಲೆಯ ಬಾಗಿಲು ಜೋತುಬಿದ್ದರೆ ಮಾತ್ರ ನ್ಯಾಯವೇ ಬೇರೆ. ಆರು ತಿಂಗಳು ಹೆಂಗಸರು ಅದಕ್ಕೊಂದು ಕಲ್ಲು ಆನಿಸಿ ಕಾಲ ಹಾಕುತ್ತಾರೆ. ಆಮೇಲೆ ಒಂದು ದಿನ ಯಾರೋ ಹಾರೆ ತಂದು ಒಲೆಯನ್ನೇ ಕೆಡವುತ್ತಾರೆ, ಮತ್ತೆ ಮೂರು ಕಲ್ಲು, ಮತ್ತೆ ಹೊಗೆ. ನಮ್ಮ ಬಯಲುಸೀಮೆಯಲ್ಲಿ ಹೀಗೆ ಹಾಳಾದ ಒಲೆಗಳು ಬೇಕಾದಷ್ಟು. ಒಲೆ ಕೆಟ್ಟಿರಲಿಲ್ಲ, ಬಾಗಿಲು ಕೆಟ್ಟಿತ್ತು, ಅಷ್ಟೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು 1980ರ ದಶಕದಲ್ಲಿ ಮೂರು ಪಾತ್ರೆಯ ಒಲೆ ಕೊಟ್ಟರು. ಊರೂರಿಗೆ ಅಸ್ತ್ರ ಒಲೆ ಅಂತಲೇ ಹೆಸರಾಯಿತು. ಅದರ ಗುಟ್ಟು ಸುಲಭ. ಬೆಂಕಿ ಮುಚ್ಚಿದ ಗೂಡಿನಲ್ಲಿರುತ್ತದೆ. ಗಾಳಿ ಕಬ್ಬಿಣದ ಜಾಲರಿಯ ಕೆಳಗಿನಿಂದ ಬಂದು ಸೌದೆಯನ್ನು ಪೂರಾ ಉರಿಸುತ್ತದೆ. ಉರಿ ಒಂದೊಂದಾಗಿ ಮೂರು ಪಾತ್ರೆ ಮುಟ್ಟಿಕೊಂಡು ಕೊಳವೆ ಹತ್ತಿ ಹೊರಗೆ ಹೋಗುತ್ತದೆ. ನಮ್ಮ ಕಡೆ ಗಾರೆಯವರು ಸೌದೆ ಇಡುವ ಬಾಯಿಗೆ ಕಬ್ಬಿಣದ ಬಾಗಿಲು ಕೂರಿಸಿದರು. ಈ ಬಾಗಿಲು ಸರಿಯಾಗಿ ಕೂರದಿದ್ದರೆ ಸಂದಿಯಲ್ಲಿ ತಣ್ಣನೆ ಗಾಳಿ ನುಗ್ಗಿ ಉರಿಯ ಮೇಲೆ ಹಾದುಹೋಗುತ್ತದೆ. ಪಾತ್ರೆ ಕಾಯಿಸಬೇಕಾದ ಶಾಖವನ್ನು ಕೊಳವೆಗೆ ಎಳೆದುಕೊಂಡು ಹೋಗುತ್ತದೆ. ಮೊದಲನೇ ಪಾತ್ರೆ ಕುದೀತದೆ, ಮೂರನೆಯದರಲ್ಲಿ ನೀರು ಬೆಚ್ಚಗೂ ಆಗಲ್ಲ. ಸೌದೆ ಮಾತ್ರ ಒಂದು ಹೊರೆ ಜಾಸ್ತಿ.

ಈಗ ಗ್ಯಾಸ್ ಬಂದಿದೆಯಲ್ಲ, ಈ ಒಲೆ ಪುರಾಣ ಯಾಕೆ ಅಂತ ಕೇಳಬಹುದು. 2016ರಲ್ಲಿ ಉಜ್ವಲಾ ಯೋಜನೆ ಬಂದಮೇಲೆ ಸಿಲಿಂಡರ್ ಬಡವರ ಮನೆಗೂ ಬಂತು, ಒಳ್ಳೆಯದೇ ಆಯಿತು. ಆದರೂ ಸ್ನಾನದ ನೀರು, ಎತ್ತಿಗೆ ಬೇಯಿಸುವ ಹುರುಳಿ, ಮನೆಮಂದಿಗೆಲ್ಲ ಮುದ್ದೆ, ಇವೆಲ್ಲ ನಮ್ಮಂಥ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಸೌದೆ ಮೇಲೇ ನಡೆಯುತ್ತವೆ. ತೊಗರಿ ಕಡ್ಡಿ, ಜಾಲಿ ಸೌದೆ, ತೆಂಗಿನ ಮೊಟ್ಟೆ ಹಿತ್ತಿಲಲ್ಲೇ ಇರುವಾಗ ಹಂಡೆ ನೀರಿಗೆ ಸಿಲಿಂಡರ್ ಖಾಲಿ ಮಾಡಲು ಯಾರಿಗೂ ಮನಸ್ಸು ಬರದು. ಸೌದೆ ಉರಿಸುವುದೇ ಆದರೆ ಹೊಗೆಯಿಲ್ಲದೆ ಉರಿಸೋಣ. ಹೊಗೆ ಕುಡಿಯುವವರು ಒಲೆ ಮುಂದೆ ಕೂತವರು, ಜಗಲಿ ಮೇಲೆ ಕೂತ ಗಂಡಸರಲ್ಲ.

ರಿಪೇರಿಗೆ ಕೈ ಹಾಕುವ ಮೊದಲು ದೋಷ ಎಲ್ಲಿದೆ ಅಂತ ನೋಡಬೇಕು. ಒಲೆ ಉರಿಯುವಾಗ ಬಾಗಿಲು ಮುಚ್ಚಿ, ಅದರ ಸುತ್ತ ಒಂದು ಊದುಬತ್ತಿ ಹಿಡಿಯಿರಿ. ಬತ್ತಿಯ ಹೊಗೆ ಎಲ್ಲಿ ಒಳಕ್ಕೆ ಎಳೆಯುತ್ತದೋ ಅಲ್ಲಿ ಸಂದಿ ಇದೆ ಅಂತ ಲೆಕ್ಕ. ಅದರ ಬದಲು ಒಲೆಯ ಹೊಗೆಯೇ ಸಂದಿಯಿಂದ ಹೊರಕ್ಕೆ ಬರುತ್ತಿದ್ದರೆ ಬಾಗಿಲನ್ನು ಬೈಯಬೇಡಿ. ಕೊಳವೆಯಲ್ಲಿ ಮಸಿ ಕಟ್ಟಿದೆ, ಇಲ್ಲವೇ ಜಾಲರಿ ಕೆಳಗೆ ಬೂದಿ ತುಂಬಿದೆ. ಮೊದಲು ಅದನ್ನು ತೆಗೆಯಿರಿ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗೀತದೆ.

ಬಾಗಿಲದ್ದೇ ದೋಷವಾದರೆ ಅದು ಮೂರರಲ್ಲಿ ಒಂದಾಗಿರುತ್ತದೆ: ಕೀಲು ಸವೆದಿರುತ್ತದೆ, ತಗಡು ಸೊಟ್ಟಗಾಗಿರುತ್ತದೆ, ಇಲ್ಲವೇ ಚೌಕಟ್ಟು ಗೋಡೆ ಬಿಟ್ಟಿರುತ್ತದೆ. ಒಲೆಯನ್ನು ಒಂದು ರಾತ್ರಿ ಆರಲು ಬಿಟ್ಟು ಬೆಳಿಗ್ಗೆ ಕೆಲಸ ಹಿಡಿಯಿರಿ.

ಕೀಲು ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ನಾಲ್ಕು ಹನಿ ಎಣ್ಣೆ ಬಿಟ್ಟಿರಬೇಕು. ಬೆಳಿಗ್ಗೆ ಮೆಲ್ಲಗೆ ತಟ್ಟಿದರೆ ಬರುತ್ತದೆ. ಹೊಸ ಕೀಲಿಗೆ ಕಬ್ಬಿಣದ ಸರಳಿನ ತುಂಡು ಸಾಕು, ಆದರೆ ತೂತಿಗಿಂತ ಕೊಂಚ ಸಣ್ಣದಿರಲಿ. ಕಾದ ಕಬ್ಬಿಣ ಉಬ್ಬುತ್ತದೆ. ತಣ್ಣಗಿರುವಾಗ ಬಿಗಿಯಾಗಿ ಕೂತ ಕೀಲು ಬಿಸಿಯಾದಾಗ ಕಚ್ಚಿಕೊಳ್ಳುತ್ತದೆ.

ಸೊಟ್ಟಗಾದ ತಗಡನ್ನು ಕಮ್ಮಾರರ ಹತ್ತಿರ ಕಾಯಿಸಿ ತಟ್ಟಿಸಿ, ಹಿಂಬದಿಗೆ ಎರಡು ಪಟ್ಟಿ ಹಾಕಿಸಿ. ತಗಡು ತೀರಾ ತೆಳುವಾಗಿದ್ದರೆ 3 ಮಿಲಿಮೀಟರ್ ದಪ್ಪದ ಕಬ್ಬಿಣದ ತುಂಡು ಹುಡುಕಿ. ಸತುವಿನ ಲೇಪದ ತಗಡು ಮಾತ್ರ ಬೇಡ. ಬೆಂಕಿಯ ಕಾವಿಗೆ ಸತುವು ಸುಟ್ಟು ಬರುವ ಹೊಗೆ ಕೆಟ್ಟದ್ದು. ಅಂಚಿಗೆ ರಬ್ಬರು, ಅಂಟು ಯಾವುದೂ ನಿಲ್ಲುವುದಿಲ್ಲ. ಹಳೇ ಕಾಲದ ಕಲ್ನಾರಿನ ಹಗ್ಗ ಯಾರಾದರೂ ಕೊಟ್ಟರೂ ಮುಟ್ಟಬೇಡಿ, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಬೇಕೇ ಬೇಕಾದರೆ ಬೆಂಕಿ ತಡೆಯುವ ಗಾಜಿನ ನಾರಿನ ಹಗ್ಗ ಸಿಗುತ್ತದೆ.

ಚೌಕಟ್ಟು ಸಡಿಲಾದದ್ದೇ ಹೆಚ್ಚಿನ ಮನೆಗಳ ಕಾಯಿಲೆ. ಇಲ್ಲಿ ಸಿಮೆಂಟಿನ ಮೇಲೆ ನಂಬಿಕೆ ಇಡಬೇಡಿ. ಬಿಸಿಗೆ ಅದು ಸೀಳುತ್ತದೆ, ಉದುರುತ್ತದೆ. ಎರೆಮಣ್ಣೂ ಆಗದು. ಬೇಸಿಗೆಯಲ್ಲಿ ಎರೆಹೊಲ ಬಿರಿಯುವುದನ್ನು ಕಂಡ ನಮಗೆ ಅದನ್ನು ಬೇರೆ ಹೇಳಬೇಕಿಲ್ಲ. ಹುತ್ತದ ಮಣ್ಣು ಒಂದು ಪಾಲು, ಮರಳು ಎರಡು ಪಾಲು, ಒಂದು ಹಿಡಿ ಹೊಟ್ಟು, ಸ್ವಲ್ಪ ಸಗಣಿ ಸೇರಿಸಿ ತುಳಿದು ಒಂದು ರಾತ್ರಿ ನೆನೆಯಲು ಬಿಡಿ. ಹಳೇ ಸಡಿಲ ಮಣ್ಣು ಕೆರೆದು ತೆಗೆದು ಗೋಡೆಗೆ ನೀರು ಚಿಮುಕಿಸಿ. ಚೌಕಟ್ಟಿಗೆ ಸುತ್ತ ಎರಡು ಪದರ ಹಳೇ ಪೇಪರ್ ಸುತ್ತಿ, ಆಮೇಲೆ ಮಣ್ಣು ತುಂಬಿ. ಮೊದಲ ಉರಿಗೆ ಪೇಪರ್ ಸುಟ್ಟು ಹೋಗಿ ಕಬ್ಬಿಣ ಉಬ್ಬುವುದಕ್ಕೆ ಕೂದಲೆಳೆಯಷ್ಟು ಜಾಗ ಉಳಿಯುತ್ತದೆ. ಈ ಜಾಗ ಇಲ್ಲದ್ದಕ್ಕೇ ಗೋಡೆ ಬಿರಿಯುವುದು. ಇನ್ನೊಂದು ಮಾತು: ಚೌಕಟ್ಟನ್ನು ನೆಟ್ಟಗೆ ನಿಲ್ಲಿಸದೆ ಮೇಲ್ಭಾಗ ಒಲೆಯ ಕಡೆಗೆ ಕೊಂಚ ವಾಲಿಸಿ, ಕೀಲು ಮೇಲೆ ಬರುವಂತೆ ಇಟ್ಟರೆ ಬಾಗಿಲು ತನ್ನ ಭಾರಕ್ಕೇ ಮುಚ್ಚಿಕೊಳ್ಳುತ್ತದೆ. ಚಿಲಕವೇ ಬೇಡ. ಮಣ್ಣು ನೆರಳಲ್ಲಿ ಒಣಗಲಿ. ಮೂರು ನಾಲ್ಕು ದಿನ ಸಣ್ಣ ಉರಿ ಕೊಟ್ಟು ಆಮೇಲೆ ಜೋರು ಬೆಂಕಿ ಹಾಕಿ.

ಇದರಲ್ಲಿ ಯಾವ ದೊಡ್ಡ ವಿದ್ಯೆ ಇದೆ? ಏಳನೇ ಕ್ಲಾಸು ಓದಿದ ನನಗೆ ಬರುವುದಾದರೆ ಯಾರಿಗೂ ಬರುತ್ತದೆ. ಆದರೂ ಇದನ್ನು ಊರಲ್ಲಿ ಯಾರೂ ಕಲಿಸಲಿಲ್ಲ. ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಂತಿತು. ದೇಶದಲ್ಲಿ ಕೋಟಿಗಟ್ಟಲೆ ಒಲೆ ಕಟ್ಟಿದ ಲೆಕ್ಕ ಕಾಗದದಲ್ಲಿದೆ. ಕಟ್ಟಿದ್ದು ಎಷ್ಟು ಅಂತ ಬರೆದುಕೊಂಡರು. ಎರಡು ವರ್ಷ ಬಿಟ್ಟು ಬಂದು ಎಷ್ಟು ಉರಿಯುತ್ತಿವೆ, ಯಾವ ಬಾಗಿಲು ಜೋತುಬಿದ್ದಿದೆ ಅಂತ ನಮ್ಮ ಊರಿಗೆ ಬಂದು ಕೇಳಿದವರಿಲ್ಲ. ಕಟ್ಟುವುದಕ್ಕೆ ಕೂಲಿ ಇತ್ತು, ರಿಪೇರಿಗೆ ಇರಲಿಲ್ಲ. ಕೊಟ್ಟವರು ಒಲೆ ಕೊಟ್ಟರು, ಅದರ ವೈದ್ಯ ಕೊಡಲಿಲ್ಲ.

ಒಲೆ ಒಂದರ ಮಾತಲ್ಲ ಇದು. ಬಿತ್ತನೆ ಕೂರಿಗೆ, ಔಷಧಿ ಹೊಡೆಯುವ ಪಂಪು, ಹನಿ ನೀರಾವರಿ ಪೈಪು, ಸೋಲಾರ್ ದೀಪ, ಎಲ್ಲದರ ಹಣೆಬರಹವೂ ಇದೇ. ಸಬ್ಸಿಡಿ ಕೊಟ್ಟು ಹೋಗುತ್ತಾರೆ. ಐದು ರೂಪಾಯಿಯ ವಾಶರ್ ಸಿಗದೆ ಐದು ಸಾವಿರದ ಸಾಮಾನು ಮೂಲೆ ಸೇರುತ್ತದೆ. ಊರಿನಲ್ಲಿ ರಿಪೇರಿಯಾಗದ ವಸ್ತು ನಮ್ಮದಲ್ಲ, ನಮ್ಮ ಮನೆಯಲ್ಲಿ ಬಾಡಿಗೆಗೆ ಇದೆ ಅಷ್ಟೇ.

ಹಾಗಾಗಿ ನನ್ನ ಸಲಹೆ ಎರಡೇ. ಮುಂದೆ ಯಾರಾದರೂ ಒಲೆಯಾಗಲಿ ಯಂತ್ರವಾಗಲಿ ತಂದುಕೊಟ್ಟರೆ, ಎಷ್ಟು ಸಬ್ಸಿಡಿ ಅಂತ ಕೇಳುವುದಕ್ಕೆ ಮುಂಚೆ, ಕೆಟ್ಟರೆ ಇದನ್ನು ನಮ್ಮೂರಲ್ಲಿ ಯಾರು ಬಿಚ್ಚುತ್ತಾರೆ ಅಂತ ಕೇಳಿ. ಉತ್ತರ ಬರದಿದ್ದರೆ ರುಜು ಹಾಕಬೇಡಿ. ಎರಡನೆಯದು, ಪಂಚಾಯತಿಯವರು ಹೊಸ ಒಲೆ ಕಟ್ಟಿಸುವ ಮೊದಲು ಊರಿನ ಒಬ್ಬ ಗಾರೆಯವರಿಗೆ, ಸ್ತ್ರೀಶಕ್ತಿ ಸಂಘದ ಇಬ್ಬರು ಹೆಣ್ಣುಮಕ್ಕಳಿಗೆ ಇರುವ ಒಲೆ ಸರಿಮಾಡುವ ಕೆಲಸ ಕಲಿಸಲಿ, ಅದಕ್ಕೆ ಕೂಲಿಯನ್ನೂ ಕೊಡಲಿ.

ಅಲ್ಲಿಯವರೆಗೆ ಕಾಯುವುದು ಬೇಡ. ಸುಗ್ಗಿ ಮುಗಿದು ಕೈ ಬಿಡುವಾದ ದಿನ ಗಂಡಸರು ಒಂದು ಊದುಬತ್ತಿ ಹಚ್ಚಿಕೊಂಡು ಅಡಿಗೆಮನೆಗೆ ಹೋಗಿ ನೋಡಿ.