ನೆರೆಯಿಳಿದ ಮೇಲಣ ನೆರವು



ಆಪತ್ಕಾಲದಲ್ಲಿ ಅನ್ನವಸ್ತ್ರಗಳನ್ನೀಯಲು ನಮ್ಮ ಜನರು ಹಿಂಜರಿಯುವವರಲ್ಲ. ಆದರೆ ಗಂಜಿಕೇಂದ್ರವು ಮುಚ್ಚಿದ ಬಳಿಕವೇ ಸಂತ್ರಸ್ತರ ನಿಜವಾದ ಕಷ್ಟವು ಮೊದಲಾಗುವುದೆಂಬುದನ್ನು ಬಹುಮಂದಿ ಮರೆಯುವರು.

2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳ ಊರುಗಳನ್ನು ಮುಳುಗಿಸಿದವು. ಆಗ ಕರ್ನಾಟಕ ಸರಕಾರವು ಸಂತ್ರಸ್ತ ಕುಟುಂಬಕ್ಕೆ 10,000 ರೂಪಾಯಿಗಳ ತುರ್ತು ಪರಿಹಾರವನ್ನೂ, ಪೂರ್ಣವಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನೂ ಸಾರಿತು. ಈ ಔದಾರ್ಯವು ಶ್ಲಾಘ್ಯವೇ ಸರಿ. ಆದರೆ ಮನೆಯ ಹಣವು ಕಂತುಕಂತಾಗಿ ಬರತಕ್ಕುದು. ಒಂದು ಹಂತವನ್ನು ಮುಗಿಸಿ ತೋರಿದವರಿಗೇ ಮುಂದಿನ ಕಂತು. ಕೈಯಲ್ಲಿ ಕಾಸುಳ್ಳವರಿಗೆ ಇದು ಬಾಧಕವಲ್ಲ. ಸರ್ವಸ್ವವನ್ನೂ ಹೊಳೆಗೆ ತೆತ್ತವಳಾದರೋ ಬಡ್ಡಿಯವನ ಬಾಗಿಲಿಗೆ ಹೋಗಬೇಕಾಗುವುದು. ಮನೆಯ ಉತಾರವು ತೀರಿಹೋದ ಗಂಡನ ಹೆಸರಿನಲ್ಲಿದ್ದರಂತೂ ಅವಳ ಅರ್ಜಿಯು ಮೇಜಿನಿಂದ ಮೇಜಿಗೆ ಅಲೆಯುವುದು. 2005ರ ವಿಪತ್ತು ನಿರ್ವಹಣಾ ಅಧಿನಿಯಮದ 12ನೆಯ ಪ್ರಕರಣವಾದರೋ ವಿಧವೆಯರಿಗೂ ಅನಾಥರಿಗೂ ವಿಶೇಷ ಏರ್ಪಾಡನ್ನು ವಿಧಿಸಿದೆಯಷ್ಟೆ.

ಆದುದರಿಂದ ನಮ್ಮ ಅಭಿಪ್ರಾಯವಿದು: ಪ್ರತಿ ಹಂತದ ಹಣವು ಆ ಹಂತಕ್ಕೆ ಮುಂಚೆಯೇ ಕೈಸೇರಬೇಕು; ಉತಾರವಿಲ್ಲದವಳಿಗೆ ವಾಸದ ಪಂಚನಾಮೆಯೇ ಸಾಕೆನಿಸಬೇಕು; ಕೊಚ್ಚಿಹೋದ ಪತ್ರಗಳ ಪ್ರತಿಗಳು ಗ್ರಾಮ ಪಂಚಾಯತಿಯಲ್ಲಿಯೇ ಶುಲ್ಕವಿಲ್ಲದೆ ದೊರೆಯಬೇಕು. ಇದರಿಂದ ವಂಚಕರಿಗೆ ಎಡೆಯಾದೀತೆನ್ನುವವರುಂಟು. ಹಣ ಪಡೆದವರ ಪಟ್ಟಿಯನ್ನು ಪಂಚಾಯತಿಯ ಗೋಡೆಗೆ ಅಂಟಿಸಲಿ, ಊರೇ ಕಾವಲಾಗುವುದು.

ಪೋಷಕರೇ, ಮನೆಯ ಪತ್ರದಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಇಂದೇ ಬರೆಯಿಸಿರಿ. ವಿದ್ಯಾರ್ಥಿನಿಯರೇ, ಅರ್ಜಿ ಬರೆಯಬಲ್ಲ ಕೈ ನಿಮ್ಮದು. ಓದುಬಾರದ ನೆರೆಯವಳಿಗಾಗಿ ಬರೆಯಿರಿ. ಉತ್ತರ ಬರುವ ತನಕ ಕೇಳುತ್ತಲೇ ಇರಿ.