ಸಿಕಲ್ ಸೆಲ್ ರೋಗ: ಜೀನ್ ತಿದ್ದುವ ಚಿಕಿತ್ಸೆಗೆ ಸರ್ಕಾರ ಈಗಲೇ ಹಣ ತೊಡಗಿಸಬೇಕೆ?

ಕೆಂಪು ರಕ್ತಕಣಗಳಲ್ಲಿ ತುಂಬಿಕೊಂಡು ದೇಹದ ಮೂಲೆಮೂಲೆಗೂ ಆಮ್ಲಜನಕವನ್ನು ಒಯ್ಯುವ ಹಿಮೋಗ್ಲೋಬಿನ್ ಎಂಬ ಪ್ರೋಟೀನು ಎರಡು ಆಲ್ಫಾ ಮತ್ತು ಎರಡು ಬೀಟಾ ಸರಪಳಿಗಳಿಂದ ಆದದ್ದು. 146 ಅಮೈನೊ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿರುವ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕಾದಲ್ಲಿ ವ್ಯಾಲಿನ್ ಬಂದರೆ, ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಗಡುಸಾದ ಎಳೆಗಳಾಗುತ್ತವೆ ಮತ್ತು ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಹಾಗೆ ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಮೂಳೆ, ಎದೆ, ಹೊಟ್ಟೆಗಳಲ್ಲಿ ತಡೆಯಲಾರದ ನೋವನ್ನೂ, ಕಾಲಕ್ರಮದಲ್ಲಿ ಗುಲ್ಮ, ಮೂತ್ರಪಿಂಡ, ಮಿದುಳುಗಳಿಗೆ ಹಾನಿಯನ್ನೂ ತರುತ್ತವೆ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಇದನ್ನು ‘ಆಣ್ವಿಕ ರೋಗ’ವೆಂದು ಕರೆದರು, ಕೆಲವೇ ವರ್ಷಗಳಲ್ಲಿ ವರ್ನನ್ ಇಂಗ್ರಾಮ್ ಆ ಒಂದು ಅಮೈನೊ ಆಮ್ಲದ ವ್ಯತ್ಯಾಸವನ್ನು ತೋರಿಸಿಕೊಟ್ಟರು. ಡಿಎನ್‌ಎಯಲ್ಲಿ ಇದರ ಮೂಲ ಇನ್ನೂ ಚಿಕ್ಕದು: ‘ಜಿಎಜಿ’ ಎಂದಿರಬೇಕಾದ ಕಡೆ ‘ಜಿಟಿಜಿ’ ಎಂದಾಗಿರುವ ಒಂದೇ ಅಕ್ಷರದ ಪಲ್ಲಟ.

ಈ ಪಲ್ಲಟವಿರುವ ಜೀನ್ ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದರೆ ವ್ಯಕ್ತಿ ವಾಹಕನಾಗಿ ಬಹುತೇಕ ಆರೋಗ್ಯವಾಗಿಯೇ ಇರುತ್ತಾನೆ. ಇಬ್ಬರಿಂದಲೂ ಬಂದರೆ ರೋಗಿಯಾಗುತ್ತಾನೆ. ವಾಹಕರಿಗೆ ಮಲೇರಿಯಾದ ವಿರುದ್ಧ ರಕ್ಷಣೆಯಿದೆಯೆಂದು 1954ರಲ್ಲಿ ಆಂಟನಿ ಆ್ಯಲಿಸನ್ ತೋರಿಸಿದ ಮೇಲೆ, ಮಲೇರಿಯಾ ಹೆಚ್ಚಿದ್ದ ಕಾಡುಸೀಮೆಗಳಲ್ಲಿ ಈ ಜೀನ್ ಏಕೆ ಉಳಿದುಬಂತೆಂಬುದು ತಿಳಿಯಿತು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ನೀಲಗಿರಿಗೆ ಸಮೀಪದ ಚಾಮರಾಜನಗರ, ಮೈಸೂರು ಜಿಲ್ಲೆಗಳ ಸೋಲಿಗ, ಜೇನುಕುರುಬ ಸಮುದಾಯಗಳಲ್ಲಿಯೂ ಇದು ಕಂಡುಬಂದಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಅಭಿಯಾನವು 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯನ್ನೂ, 2047ರೊಳಗೆ ರೋಗದ ನಿರ್ಮೂಲನೆಯನ್ನೂ ಗುರಿಯಾಗಿ ಇಟ್ಟುಕೊಂಡಿದೆ. ಅದೇ ವರ್ಷದ ನವೆಂಬರ್ 16ರಂದು ಬ್ರಿಟನ್, ಡಿಸೆಂಬರ್ 8ರಂದು ಅಮೆರಿಕ, ಜೀನ್ ತಿದ್ದಿ ಈ ರೋಗವನ್ನು ಹತೋಟಿಗೆ ತರುವ ‘ಕ್ಯಾಸ್ಜೆವಿ’ ಚಿಕಿತ್ಸೆಗೆ ಒಪ್ಪಿಗೆ ನೀಡಿದವು. ಅಮೆರಿಕದಲ್ಲಿ ಅದರ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರ್, ಅಂದರೆ 18 ಕೋಟಿ ರೂಪಾಯಿಗೂ ಮಿಕ್ಕಿ. ಭಾರತದ ಸರ್ಕಾರಿ ಬೊಕ್ಕಸ ಈ ಹಾದಿಯಲ್ಲಿ ಈಗಲೇ ಹೆಜ್ಜೆ ಇಡಬೇಕೆ ಎಂಬುದು ಇಲ್ಲಿನ ಪ್ರಶ್ನೆ.

ಪರ

ಹಣ ತೊಡಗಿಸಬೇಕೆನ್ನುವವರ ವಾದ ಆರಂಭವಾಗುವುದು ಈ ಚಿಕಿತ್ಸೆ ಕೆಲಸ ಮಾಡುವ ಬಗೆಯಿಂದ, ಮತ್ತು ಅದು ಆರಂಭವಾಗಬೇಕಾದದ್ದೂ ಅಲ್ಲಿಂದಲೇ. ಗರ್ಭದಲ್ಲಿರುವ ಶಿಶುವಿನ ರಕ್ತದಲ್ಲಿ ಬೀಟಾ ಸರಪಳಿಯ ಬದಲು ಗಾಮಾ ಸರಪಳಿಯಿರುವ ಭ್ರೂಣ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳುಗಳಲ್ಲಿ ಬಿಸಿಎಲ್11ಎ ಎಂಬ ಜೀನಿನಿಂದ ತಯಾರಾಗುವ ಪ್ರೋಟೀನು ಅದರ ಉತ್ಪಾದನೆಯನ್ನು ಅದುಮುತ್ತದೆ. ಆ ಅದುಮುವಿಕೆಯನ್ನು ಸಡಿಲಿಸಿದರೆ ದೋಷವಿಲ್ಲದ ಭ್ರೂಣ ಹಿಮೋಗ್ಲೋಬಿನ್ ಮತ್ತೆ ಹುಟ್ಟಿಕೊಂಡು, ಕಣಗಳು ಬಾಗುವುದನ್ನು ತಡೆಯುತ್ತದೆ. ಜೆನ್ನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪಾಂಟಿಯೆ 2012ರಲ್ಲಿ ವಿವರಿಸಿದ, 2020ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಕ್ರಿಸ್ಪರ್ ವಿಧಾನದಲ್ಲಿ, ದಾರಿ ತೋರುವ ಒಂದು ಚಿಕ್ಕ ಆರ್‌ಎನ್‌ಎ ಎಳೆ ಡಿಎನ್‌ಎಯಲ್ಲಿ ತನಗೆ ಹೊಂದುವ ಜಾಗವನ್ನು ಹುಡುಕುತ್ತದೆ ಮತ್ತು ಅದರ ಜೊತೆಗಿರುವ ಕ್ಯಾಸ್9 ಎಂಬ ಕಿಣ್ವ ಅಲ್ಲಿ ಕತ್ತರಿಸುತ್ತದೆ. ರೋಗಿಯದೇ ರಕ್ತೋತ್ಪಾದಕ ಆಕರಕೋಶಗಳನ್ನು ಹೊರತೆಗೆದು, ಬಿಸಿಎಲ್11ಎ ಜೀನನ್ನು ರಕ್ತಕಣಗಳಲ್ಲಿ ಚುರುಕುಗೊಳಿಸುವ ಭಾಗವನ್ನು ಹೀಗೆ ಕತ್ತರಿಸಿ, ಮರಳಿ ದೇಹಕ್ಕೆ ಸೇರಿಸಲಾಗುತ್ತದೆ. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ, ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳ ಪೈಕಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಿಕ್ಕಟ್ಟು ಮರುಕಳಿಸಲಿಲ್ಲ. ವರ್ಷಕ್ಕೆ ಹಲವು ಸಲ ಆಸ್ಪತ್ರೆಯಲ್ಲಿ ಮಲಗಬೇಕಾಗುತ್ತಿದ್ದವರ ವಿಷಯದಲ್ಲಿ ಇದು ಅಸಾಧಾರಣ ಫಲವೇ ಸರಿ.

ಬೆಲೆಯನ್ನು ಮುಂದೊಡ್ಡಿ ಈ ಫಲವನ್ನು ಬದಿಗೆ ಸರಿಸುವುದನ್ನು ಈ ಪಕ್ಷದವರು ಒಪ್ಪುವುದಿಲ್ಲ. 18 ಕೋಟಿ ಎಂಬುದು ಕ್ರಿಸ್ಪರ್‌ನ ಸಹಜ ಗುಣವಲ್ಲ, ಅಮೆರಿಕದ ಮಾರುಕಟ್ಟೆ ಕಟ್ಟಿದ ಬೆಲೆ. ಯೀಸ್ಟ್ ಕೋಶಗಳಲ್ಲಿ ಮರುಸಂಯೋಜಿತ ಡಿಎನ್‌ಎ ಬಳಸಿ ತಯಾರಿಸುವ ಹೆಪಟೈಟಿಸ್ ಬಿ ಲಸಿಕೆ ವಿದೇಶದಿಂದ ಬರುತ್ತಿದ್ದಾಗ ಸಾಮಾನ್ಯರ ಕೈಗೆಟುಕುತ್ತಿರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅದನ್ನು ಇಲ್ಲಿಯೇ ತಯಾರಿಸಿದ ಮೇಲೆ ಬೆಲೆ ಕುಸಿಯಿತು. ರಕ್ತದ ಕ್ಯಾನ್ಸರಿಗೆ ರೋಗಿಯ ಟಿ ಕೋಶಗಳಲ್ಲಿ ಹೊಸ ಜೀನ್ ಸೇರಿಸಿ ನೀಡುವ ‘ಕಾರ್-ಟಿ’ ಚಿಕಿತ್ಸೆಯನ್ನು ಬಾಂಬೆ ಐಐಟಿಯಲ್ಲಿ ರೂಪಿಸಿದ್ದರಿಂದ ಅದು ವಿದೇಶದ ಬೆಲೆಯ ಸುಮಾರು ಹತ್ತನೆಯ ಒಂದು ಭಾಗಕ್ಕೆ ದೊರೆಯುವಂತಾಯಿತು. ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಸ್ಥೆ ಫ್ರಾನ್ಸಿಸೆಲ್ಲಾ ನೊವಿಸಿಡಾ ಎಂಬ ಬ್ಯಾಕ್ಟೀರಿಯದಿಂದ ಪಡೆದ, ಹೆಚ್ಚು ನಿಖರವಾದ ಬೇರೊಂದು ಕ್ಯಾಸ್9 ಕಿಣ್ವದ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತ ಬಂದಿದ್ದು, 2025ರ ನವೆಂಬರ್‌ನಲ್ಲಿ ಸಿಕಲ್ ಸೆಲ್ ರೋಗಕ್ಕೆಂದೇ ರೂಪಿಸಿದ ‘ಬಿರ್ಸಾ 101’ ಚಿಕಿತ್ಸೆಯನ್ನು ಪ್ರಕಟಿಸಲಾಗಿದೆ. ಈ ಕೌಶಲ ಬೇಕೆನಿಸಿದ ದಿನ ಅಂಗಡಿಯಿಂದ ತರುವಂಥದ್ದಲ್ಲ. ಕೋಶ ಸಂಸ್ಕರಿಸುವ ಪ್ರಯೋಗಾಲಯ, ಅದರಲ್ಲಿ ಪಳಗಿದ ಕೈಗಳು, ಅದನ್ನು ಪರಿಶೀಲಿಸಬಲ್ಲ ನಿಯಂತ್ರಣ ವ್ಯವಸ್ಥೆ, ಇವೆಲ್ಲ ಬೆಳೆಯಲು ಹತ್ತಾರು ವರ್ಷ ಬೇಕು.

ಇನ್ನು ನ್ಯಾಯದ ಮಾತು. ಅಮೆರಿಕದಲ್ಲಿ ಹೆಚ್ಚಾಗಿ ಕಪ್ಪು ಜನರನ್ನು, ಭಾರತದಲ್ಲಿ ಹೆಚ್ಚಾಗಿ ಆದಿವಾಸಿಗಳನ್ನು ಬಾಧಿಸುವ ಈ ರೋಗ ಒಂದು ಶತಮಾನ ಕಾಲ ಸಂಶೋಧನೆಯ ಅಂಚಿನಲ್ಲಿಯೇ ಉಳಿದಿತ್ತು. ಕ್ರಿಸ್ಪರ್ ಮೊತ್ತಮೊದಲು ಒಪ್ಪಿತ ಔಷಧವಾಗಿದ್ದೇ ಈ ರೋಗಕ್ಕೆ ಎಂದಾಗ, ಅದೇ ರೋಗದಿಂದ ನರಳುವ ಸೋಲಿಗರ ಮಗುವಿಗೆ ಮಾತ್ರೆಯೇ ಸಾಕೆಂದು ಮೊದಲೇ ತೀರ್ಮಾನಿಸಿಬಿಡುವ ಹಕ್ಕು ಯಾರಿಗೂ ಇಲ್ಲ.

ವಿರೋಧ

ಎದುರು ಪಕ್ಷದವರು ವಿಜ್ಞಾನವನ್ನು ಅಲ್ಲಗಳೆಯುವುದಿಲ್ಲ. ಆ ವಿಜ್ಞಾನ ರೋಗಿಯ ಮೈಮೇಲೆ ನಡೆಯುವ ಕ್ರಮವನ್ನು ಪೂರ್ತಿಯಾಗಿ ನೋಡಿರೆಂದು ಕೇಳುತ್ತಾರೆ. ಆಕರಕೋಶಗಳನ್ನು ಸಂಗ್ರಹಿಸಲು ಚುಚ್ಚುಮದ್ದು ಕೊಟ್ಟು ಅವು ಅಸ್ಥಿಮಜ್ಜೆಯಿಂದ ರಕ್ತಕ್ಕೆ ಇಳಿಯುವಂತೆ ಮಾಡಬೇಕು, ಒಂದೇ ಸಲಕ್ಕೆ ಸಾಲದಿದ್ದರೆ ಮತ್ತೆ ಮಾಡಬೇಕು. ಕೋಶಗಳು ಪ್ರಯೋಗಾಲಯದಲ್ಲಿ ತಿದ್ದಿಸಿಕೊಂಡು ಬರಲು ತಿಂಗಳುಗಳು ಹಿಡಿಯುತ್ತವೆ. ಅವು ನೆಲೆಗೊಳ್ಳಲು ಜಾಗವಾಗುವಂತೆ ಬುಸಲ್ಫಾನ್ ಎಂಬ ಕೀಮೋಥೆರಪಿ ಔಷಧದಿಂದ ಉಳಿದ ಮಜ್ಜೆಯನ್ನು ನಾಶಮಾಡಬೇಕು. ಬಾಯಿ ಹುಣ್ಣಾಗಿ ಅನ್ನ ನುಂಗಲಾಗದ, ರಕ್ತದ ಬಿಳಿಕಣಗಳು ಇಳಿದುಹೋಗಿ ಯಾವ ಸೋಂಕನ್ನೂ ತಾಳಲಾಗದ ಸ್ಥಿತಿಯಲ್ಲಿ ರೋಗಿ ವಾರಗಟ್ಟಲೆ ಪ್ರತ್ಯೇಕ ಕೊಠಡಿಯಲ್ಲಿರಬೇಕು. ಮುಂದೆ ಸಂತಾನಶಕ್ತಿ ಕುಂದುವ ಅಪಾಯವನ್ನೂ ಒಪ್ಪಿಕೊಳ್ಳಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿರುವ ಸೋಲಿಗರ ಹಾಡಿಯ, ಅಂದರೆ ಪೋಡಿನ, ಕೂಲಿಕಾರ ದಂಪತಿ ಮಗುವಿನೊಡನೆ ನಗರದಲ್ಲಿ ತಿಂಗಳುಗಳ ಕಾಲ ನಿಂತು ಇದನ್ನು ನಡೆಸುವುದು ಹೇಗೆಂಬ ಪ್ರಶ್ನೆಗೆ ಔಷಧದ ಬೆಲೆಯನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೂ ಉತ್ತರ ಸಿಗದು. ಕ್ರಿಸ್ಪರ್ ಉಪಕರಣವನ್ನು ಆರ್‌ಎನ್‌ಎ ರೂಪದಲ್ಲಿ ಕೊಬ್ಬಿನ ಸೂಕ್ಷ್ಮಕಣಗಳೊಳಗಿಟ್ಟು ನೇರವಾಗಿ ರಕ್ತಕ್ಕೆ ಚುಚ್ಚುವ ವಿಧಾನ, 2025ರಲ್ಲಿ ಫಿಲಡೆಲ್ಫಿಯಾದಲ್ಲಿ ಯಕೃತ್ತಿನ ಅಪರೂಪದ ದೋಷವಿದ್ದ ಒಂದು ಶಿಶುವಿನಲ್ಲಿ ಫಲ ಕೊಟ್ಟದ್ದು ನಿಜ. ಆದರೆ ಅಂಥ ಕಣಗಳು ಸಹಜವಾಗಿ ಸೇರುವುದು ಯಕೃತ್ತನ್ನು. ಮಜ್ಜೆಯ ಆಕರಕೋಶಗಳಿಗೆ ಅವನ್ನು ತಲುಪಿಸುವ ಕೆಲಸ ಇನ್ನೂ ಪ್ರಯೋಗದ ಹಂತದಲ್ಲಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ, ಮತ್ತು ಅದಕ್ಕೆ ಮೊದಲ ಪಕ್ಷದಿಂದ ಸಮರ್ಪಕ ಉತ್ತರ ಬಂದಿಲ್ಲ. ಈ ಚಿಕಿತ್ಸೆ ತಿದ್ದುವುದು ರಕ್ತದ ಆಕರಕೋಶಗಳನ್ನೇ ಹೊರತು ವೀರ್ಯಾಣು, ಅಂಡಾಣುಗಳನ್ನಲ್ಲ; ಗುಣವಾದ ರೋಗಿಯೂ ತನ್ನ ಎಲ್ಲ ಮಕ್ಕಳಿಗೆ ಸಿಕಲ್ ಜೀನಿನ ಒಂದು ಪ್ರತಿಯನ್ನು ದಾಟಿಸುತ್ತಾನೆ. ಹೀಗಿರುವಾಗ 2047ರ ಗುರಿಗೆ ಇದರಿಂದ ಸಿಗುವ ನೆರವು ಅತ್ಯಲ್ಪ. ಆ ಗುರಿ ನಿಂತಿರುವುದು ತಪಾಸಣೆ, ಮದುವೆಗೆ ಮುನ್ನಿನ ಸಮಾಲೋಚನೆ, ಗರ್ಭಿಣಿಯರ ಪರೀಕ್ಷೆಗಳ ಮೇಲೆ. ತಪಾಸಣೆಯಲ್ಲಿ ‘ವಾಹಕಿ’ ಎಂದು ಗುರುತಿಸಿದ ಹುಡುಗಿಗೆ ಅದರ ಅರ್ಥವನ್ನು ಅವಳ ನುಡಿಯಲ್ಲಿ ತಿಳಿಹೇಳದೆ ಕೈಗೆ ಕಾರ್ಡು ಮಾತ್ರ ಕೊಟ್ಟರೆ, ಅದು ಅವಳ ಮದುವೆಗೆ ಅಡ್ಡಿಯಾಗುವ ಕಳಂಕವಾಗಿ ಉಳಿಯುತ್ತದೆ.

ಅಗ್ಗದ, ಸಾಬೀತಾದ ಚಿಕಿತ್ಸೆ ಎಷ್ಟು ದೂರ ಒಯ್ಯಬಲ್ಲದೆಂಬುದನ್ನು ಇಲ್ಲಿ ಮರೆಯಬಾರದು. ಗುಲ್ಮ ಬೇಗನೆ ಕೆಡುವುದರಿಂದ ಸಿಕಲ್ ಸೆಲ್ ಶಿಶುಗಳನ್ನು ನ್ಯುಮೊಕಾಕಸ್ ಬ್ಯಾಕ್ಟೀರಿಯ ಸುಲಭವಾಗಿ ಬಲಿ ತೆಗೆದುಕೊಳ್ಳುತ್ತದೆ. ದಿನಕ್ಕೆ ಎರಡು ಬಾರಿ ಬಾಯಿಯ ಮೂಲಕ ಕೊಡುವ ಪೆನಿಸಿಲಿನ್ ಈ ಸೋಂಕನ್ನು ಶೇ 84ರಷ್ಟು ತಗ್ಗಿಸಿತೆಂದು 1986ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ತೋರಿಸಿತು, ಫಲ ಅಷ್ಟು ಸ್ಪಷ್ಟವಾಗಿದ್ದುದರಿಂದ ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಔಷಧ, ಕ್ರಿಸ್ಪರ್ ಕತ್ತರಿಸಿ ಸಾಧಿಸುವುದನ್ನೇ, ಅಂದರೆ ಭ್ರೂಣ ಹಿಮೋಗ್ಲೋಬಿನ್ನಿನ ಹೆಚ್ಚಳವನ್ನು, ತಕ್ಕಮಟ್ಟಿಗೆ ನಿತ್ಯದ ಸೇವನೆಯಿಂದ ಸಾಧಿಸುತ್ತದೆ. ಎಲ್ಲರಿಗೂ ಅದು ಸಮನಾಗಿ ಒಗ್ಗುವುದಿಲ್ಲ, ಆಗಾಗ ರಕ್ತಕಣಗಳ ಎಣಿಕೆ ಮಾಡಿಸುತ್ತ ಪ್ರಮಾಣ ಹೊಂದಿಸಬೇಕು. ಆ ಎಣಿಕೆಯ ಯಂತ್ರ, ಅದನ್ನು ನಡೆಸುವ ತಂತ್ರಜ್ಞ, ತಪ್ಪದೆ ಬರುವ ಮಾತ್ರೆಯ ಸರಬರಾಜು, ಇವು ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಬೇಕೆಂಬುದು ಈ ಪಕ್ಷದ ಮೊದಲ ಬೇಡಿಕೆ. ಭಾರತದ ರೋಗಿಗಳಲ್ಲಿ ಹಲವರಿಗೆ ಭ್ರೂಣ ಹಿಮೋಗ್ಲೋಬಿನ್ ಹುಟ್ಟಿನಿಂದಲೇ ತುಸು ಹೆಚ್ಚಿರುವುದರಿಂದ, ಎಲ್ಲರಿಗೂ ಮಜ್ಜೆ ನಾಶಪಡಿಸುವಂಥ ಚಿಕಿತ್ಸೆಯ ಅಗತ್ಯವೂ ಬೀಳದು.

ದೇಶೀಯ ತಯಾರಿಕೆಯ ವಾದಕ್ಕೆ ಅವರು ಕೊಡುವ ಉತ್ತರ ಹೆಪಟೈಟಿಸ್ ಬಿ ಲಸಿಕೆಯಿಂದಲೇ ಬರುತ್ತದೆ. ಪ್ರಯೋಗಾಲಯಗಳ ಸಂಶೋಧನೆಗೆ ಹಣ ನಿಲ್ಲಬಾರದೆಂಬುದು ನ್ಯಾಯವಾದ ಮಾತು, ಅದನ್ನು ಈ ಪಕ್ಷವೂ ಒಪ್ಪಬೇಕಾಗುತ್ತದೆ. ಆದರೆ 1997ರಲ್ಲಿ ಅಗ್ಗವಾದ ಆ ಲಸಿಕೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಮೂಲಕ ಇಡೀ ದೇಶಕ್ಕೆ ವಿಸ್ತರಿಸಿದ್ದು 2011ರ ಹೊತ್ತಿಗೆ, ಸುಮಾರು 14 ವರ್ಷಗಳ ನಂತರ. ಸಿಕಲ್ ಸೆಲ್ ಇರುವ ಶಿಶುವಿಗೆ ಪೆನಿಸಿಲಿನ್ ಆರಂಭವಾಗಬೇಕಾದದ್ದು ಎರಡು ತಿಂಗಳ ಸುಮಾರಿಗೆ, ಅದು ಮುಂದುವರಿಯಬೇಕಾದದ್ದು ಐದು ವರ್ಷ ತುಂಬುವವರೆಗೆ.